ಮೊದಲ ಸೆಮಿಸ್ಟರ್‌ಗೆ ನೀರಿನ ಸುದ್ದಿ: ಪಾಠ ಮಾಡಿದವರು ಅನುಭವ ತಿಳಿಸಿ

ಪ್ರಶ್ನೆ: ಈ ವರ್ಷದಿಂದ ಪದವಿಯ ಮೊದಲ ಸೆಮಿಸ್ಟರ್‌ಗೆ ‘ಸಂವಹನ ಪರಿಚಯ’ ಪಾಠ ಮಾಡುತ್ತಿದ್ದೇನೆ. ಗೇಟ್‌ಕೀಪಿಂಗ್ (ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂಬ ಆಯ್ಕೆ), ಫ್ರೇಮಿಂಗ್ (ಸುದ್ದಿಯನ್ನು ಯಾವ ಚೌಕಟ್ಟಿನಲ್ಲಿ ತೋರಿಸುತ್ತೇವೆ ಎಂಬುದು) ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನೀರಿನ ಸುದ್ದಿಗಳನ್ನು ಇಟ್ಟುಕೊಂಡು ಕಲಿಸುವ ಆಸೆಯಿದೆ. ಹೀಗೆ ಮಾಡಿ ನೋಡಿದವರು ಎಲ್ಲಿಂದ ಶುರು ಮಾಡಿದಿರಿ?

ಮಂಡ್ಯ ಜಿಲ್ಲೆಯ ಅಧ್ಯಾಪಕರು: ಅಳತೆಯಿಂದ ಶುರು ಮಾಡಿ, ಸಿದ್ಧಾಂತ ಆಮೇಲೆ ಬರಲಿ. ಮೊದಲ ತರಗತಿಗೆ ಅಂದಿನ ಪತ್ರಿಕೆಯಲ್ಲಿರುವ ಜಲಾಶಯ ಮಟ್ಟದ ಚೌಕವನ್ನು ಕತ್ತರಿಸಿ ತರಲು ಹೇಳುತ್ತೇನೆ. ಕಾವೇರಿಯ ಕೆಆರ್‌ಎಸ್ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿ ಇದ್ದರೆ ಅಣೆಕಟ್ಟೆ ಎಷ್ಟು ತುಂಬಿದೆ ಎಂದು ಕೇಳಿದರೆ ತರಗತಿಯೆಲ್ಲ ಶೇ 80 ಎನ್ನುತ್ತದೆ. ಆದರೆ ಕಣಿವೆ ಮೇಲೆ ಹೋದಂತೆ ಅಗಲವಾಗುತ್ತದೆ. 100 ಅಡಿಯಲ್ಲಿರುವುದು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ‘ನೂರು ಅಡಿ ದಾಟಿತು’ ಎಂಬ ಶೀರ್ಷಿಕೆಯನ್ನು ಆಗ ಇನ್ನೊಮ್ಮೆ ಓದಿಸಿ, ಮುಖಗಳನ್ನು ನೋಡಿ.

ಆಮೇಲೆ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ಕಾವೇರಿ ನೀರು ಬಿಡಲು ಕರ್ನಾಟಕಕ್ಕೆ ಹೇಳಿತ್ತು. ಲೆಕ್ಕ ಹಾಕಿದರೆ ಸುಮಾರು 13 ಟಿಎಂಸಿ. ಒಂದೇ ನೀರನ್ನು ‘15 ಸಾವಿರ’ ಎಂದು ಬರೆದಾಗ ಎದೆ ಹೊಡೆದುಕೊಳ್ಳುವ ರೀತಿಯೇ ಬೇರೆ. ಫ್ರೇಮಿಂಗ್‌ಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ವರ್ಷ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿ ಎದ್ದು ನಿಂತು, ‘ನಮ್ಮಪ್ಪ ಟಿಎಂಸಿ ಕೇಳುವುದಿಲ್ಲ ಸರ್, ಈ ಕಟ್ಟಿನ (ಸರದಿಯ) ನೀರು ನಮ್ಮ ತೂಬಿಗೆ ಬರುತ್ತದೋ ಇಲ್ಲವೋ ಎಂದು ಕೇಳುತ್ತಾರೆ’ ಎಂದಳು. ಒಂದು ತಿಂಗಳ ಕಾವೇರಿ ಸುದ್ದಿಗಳನ್ನು ಅವಳ ಕೈಗೇ ಕೊಟ್ಟೆ. ಯಾರ ಮಾತು ಎಷ್ಟು ಸಲ ಬಂದಿದೆ ಎಂದು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಬಂದಳು. ಮಂತ್ರಿಗಳು, ವಕೀಲರು, ಎಂಜಿನಿಯರುಗಳು, ಮುಖಂಡರ ಸಾಲುಗಳು ಪುಟದ ಅಂಚು ಮುಟ್ಟಿದ್ದವು. ಕೊನೆ ಭಾಗದ ರೈತನ ಮುಂದೆ ಎರಡು ಗೀಟು. ಹೊಲಗಳಿಗೆ ನೀರು ಹಾಯಿಸುವ ನೀರುಗಂಟಿಯ ಮುಂದೆ ಒಂದೂ ಇಲ್ಲ. ಮರುದಿನ ಗೇಟ್‌ಕೀಪಿಂಗ್ ಪಾಠಕ್ಕೆ ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದೆ: ತಂತಿಯಲ್ಲಿ ಬಂದ ಸುದ್ದಿಗಳನ್ನು ಒಬ್ಬ ಸಂಪಾದಕ ಒಂದು ವಾರ ಯಾವ ಯಾವ ಕಾರಣಕ್ಕೆ ಬದಿಗಿಟ್ಟ ಎಂಬ ವಿವರ. ಆ ದಿನ ಯಾರೂ ನೋಟ್ಸ್ ಕೇಳಲಿಲ್ಲ.

ಜಿಲ್ಲಾ ವರದಿಗಾರರು: ಗಲಾಟೆಯ ದಿನಗಳ ಸುದ್ದಿಯನ್ನಷ್ಟೇ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕೊಟ್ಟ ಕಾವೇರಿ ತೀರ್ಪಿನ ಮರುದಿನದ ಪುಟಗಳನ್ನು ಓದಿಸಿ. ಕಾವೇರಿ ನ್ಯಾಯಮಂಡಳಿ ಅದಕ್ಕೂ ಮೊದಲು ಕರ್ನಾಟಕಕ್ಕೆ ಕೊಟ್ಟಿದ್ದ 270 ಟಿಎಂಸಿ 284.75 ಆಯಿತು, ತಮಿಳುನಾಡಿನ 419 ಟಿಎಂಸಿ 404.25ಕ್ಕೆ ಇಳಿಯಿತು. ಹೆಚ್ಚುವರಿ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಟಿಎಂಸಿ ಕೊಡಲು ಕೋರ್ಟು ಹೇಳಿದ ಕಾರಣ, ತಮಿಳುನಾಡಿನಲ್ಲಿ ಅಂತರ್ಜಲ ಇದೆ ಎಂಬುದು. ನಾನು ಅಂದು ಬರೆದ ವರದಿಯಲ್ಲಿ ಈ ಅಂತರ್ಜಲದ ಮಾತು ಏಳನೇ ಪ್ಯಾರಾದಲ್ಲಿತ್ತು, ಜಾಗ ಸಾಲದೆ ಅಲ್ಲಿಗೇ ಕತ್ತರಿ ಬಿತ್ತು. ತಮಿಳು ಬಲ್ಲ ವಿದ್ಯಾರ್ಥಿ ಇದ್ದರೆ ಅದೇ ದಿನದ ತಮಿಳು ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಅರ್ಥ ಹೇಳಿಸಿ. ಇಲ್ಲಿ ಗಳಿಕೆಯಾದ ಅಂಕಿ ಅಲ್ಲಿ ನಷ್ಟವಾಗಿರುತ್ತದೆ, ಎರಡೂ ಕಡೆ ರೈತನ ಚಿತ್ರ ಒಂದೇ ಬಗೆಯದು.

ಬೆಂಗಳೂರಿನ ಹಳೆಯ ವಿದ್ಯಾರ್ಥಿ: ನಮಗೆ ಬೆಂಗಳೂರಿಗೆ ನೀರಿನ ಅಭಾವ ಕಾಡಿದ 2024ರ ಬೇಸಿಗೆಯನ್ನೇ ಪಾಠವಾಗಿ ಕೊಟ್ಟಿದ್ದರು. ಅಪಾರ್ಟ್‌ಮೆಂಟುಗಳ ಮುಂದೆ ಕ್ಯಾಮೆರಾಗಳು ನಿಂತಿದ್ದವು. ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಲ್ಲೊಂದು ನಮ್ಮದು, ಟ್ಯಾಂಕರ್ ನೀರು ಅಲ್ಲಿಗೆ ಹೊಸದಾಗಿರಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ. ನಮ್ಮ ಬೀದಿಯ ಹನ್ನೆರಡು ಮನೆಗಳಲ್ಲಿ ಕೊಡಗಳನ್ನು ಎಣಿಸಿ ಬರೆದೆ. ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಅದೇ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದಾಗ ನನ್ನ ವರದಿಯನ್ನು ಮತ್ತೆ ತೆಗೆದು, ಅದೇ ಮನೆಗಳಿಗೆ ಹೋಗಿ ಬಾ ಎಂದರು ಮೇಡಂ. ಒಂದು ಸುದ್ದಿಯ ಬಳಿಗೆ ಎರಡನೇ ಸಲ ಹೋಗುವುದನ್ನು ನಾನು ಕಲಿತದ್ದು ಅಲ್ಲಿ.

ಪುತ್ತೂರಿನಿಂದ: ಜಗಳದ ನೀರಿನ ಜೊತೆಗೆ ಇಂಗಿಸಿದ ನೀರಿನ ಬರಹವನ್ನೂ ಸೇರಿಸಿ. ಮಳೆನೀರು ಇಂಗಿಸುವ ಬಗ್ಗೆ ಬರೆಯುವ ಪತ್ರಕರ್ತ ಶ್ರೀಪಡ್ರೆಯವರ ಲೇಖನಗಳಲ್ಲಿ ಮಾತನಾಡುವವರು ಹೆಚ್ಚಾಗಿ ಕೃಷಿಕರೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಕೆಜಿಎಫ್ ಕಡೆಯಿಂದ ಬಂದ ಇಬ್ಬರು ನನ್ನ ತರಗತಿಯಲ್ಲಿದ್ದಾರೆ, ಇಬ್ಬರೂ ತಮಿಳು ಓದುತ್ತಾರೆ. ಇಷ್ಟು ದಿನ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತಿದ್ದರು. ಸೋಮವಾರ ಅವರಿಂದಲೇ ಶುರು ಮಾಡುತ್ತೇನೆ.