ಮೂಡಿಗೆರೆಯ ಮನೆ ಬಿಟ್ಟು ಜರ್ಮನಿಗೆ ಹೋಗಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ

ಪ್ರಶ್ನೆ

ಸ್ಟುಟ್‌ಗಾರ್ಟ್‌ನ ಒಂದು ಕಂಪನಿಯಿಂದ ಆಫರ್ ಬಂದಿದೆ, ವರ್ಷಕ್ಕೆ 58,000 ಯೂರೋ. ಈಗ ಬೆಂಗಳೂರಿನ ಕಂಪನಿಗೆ ಮೂಡಿಗೆರೆಯ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಅಪ್ಪನಿಗೆ 67, ಬಿಪಿ ಮತ್ತು ಶುಗರ್ ಇದೆ. ಅಮ್ಮನಿಗೆ 61, ಮಂಡಿನೋವು. 5 ಎಕರೆ ತೋಟ, ಬಹುಪಾಲು ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಕಾಳುಮೆಣಸು. ಅಕ್ಕ ಹಾಸನದಲ್ಲಿ ಶಿಕ್ಷಕಿ, ಅವಳಿಗೆ ಇಬ್ಬರು ಸಣ್ಣ ಮಕ್ಕಳು. ಅಪ್ಪ "ಹೋಗಮ್ಮ" ಅಂತಾರೆ. ಅಮ್ಮ ಏನೂ ಹೇಳಲ್ಲ. ನಾಲ್ಕು ವಾರದಲ್ಲಿ ಉತ್ತರ ಕೊಡಬೇಕು. ತೀರ್ಮಾನಕ್ಕೆ ಮೊದಲು ಏನೇನು ನೋಡಬೇಕು?

ತೋಟದ ಲೆಕ್ಕ ನೋಡುವವರು, ಬಾಳೂರು ಹೋಬಳಿ

ನೋಡಮ್ಮ, ಸಂಬಳದ ಮಾತು ಆಮೇಲೆ. ಮೊದಲು ಒಂದು ನೋಟ್‌ಬುಕ್ ತಗೊಂಡು, ಆ ಮನೆಯಲ್ಲಿ ಈಗ ನಿನ್ನ ಕೈಯಿಂದ ಆಗುತ್ತಿರುವ ಕೆಲಸ ಒಂದೊಂದನ್ನೂ ಬರಿ. ಕರೆಂಟ್ ಬಿಲ್, ಅಪ್ಪನ ಮಾತ್ರೆ, ಮೇಸ್ತ್ರಿಗೆ ವಾರದ ಬಟವಾಡೆ, ಮೋಟಾರ್ ಕೆಟ್ಟರೆ ಮೆಕ್ಯಾನಿಕ್ ಕರೆಯೋದು, ಎಲ್ಲ. ಪ್ರತಿ ಸಾಲಿನ ಎದುರು ನೀನು ಹೋದಮೇಲೆ ಯಾರು ಮಾಡ್ತಾರೆ, ಎಷ್ಟು ದುಡ್ಡಿಗೆ ಅಂತ ಬರಿ. "ಅಪ್ಪ ನೋಡ್ಕೋತಾರೆ" ಅಂತ ಬರೆದ ಸಾಲುಗಳನ್ನ ಇನ್ನೊಮ್ಮೆ ಓದು. 67ಕ್ಕೆ ಆಗುವ ಕೆಲಸ 72ಕ್ಕೆ ಆಗಲ್ಲ.

ರೋಬಸ್ಟಾ ತೋಟದಲ್ಲಿ ವರ್ಷಕ್ಕೆ ಮೂರು ಸಲ ಸಮಯ ತಪ್ಪಿದರೆ ಫಸಲೇ ತಪ್ಪುತ್ತೆ. ಮೊದಲನೇದು ಫೆಬ್ರವರಿ, ಮಾರ್ಚಿನ ಹೂ ಮಳೆ. ಮಳೆ ಕೈ ಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಒಂದೇ ಸಲಕ್ಕೆ ಒಂದರಿಂದ ಒಂದೂವರೆ ಇಂಚು ನೀರು ಕೊಡಬೇಕು. ಅರೆಬರೆ ಹನಿಸಿದರೆ ಮೊಗ್ಗು ಪೂರ್ತಿ ಅರಳದೆ ಕೆಡುತ್ತೆ. ಮೂರು ನಾಲ್ಕು ವಾರಕ್ಕೆ ಬ್ಯಾಕಿಂಗ್ ನೀರು, ಅಂದರೆ ಹೂ ಕಾಯಿ ಕಟ್ಟೋಕೆ ಎರಡನೇ ಸಲದ ನೀರು. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಪೈಪು ಬದಲಾಯಿಸೋದೂ ರಾತ್ರಿಯೇ. ಅಪ್ಪನಿಗೆ ಅದು ಬೇಡ.

ಎರಡನೇದು ಮೇ ಕೊನೆ, ಜೂನ್ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ, ರೋಗ ತಡೆಯೋ ಸಿಂಪರಣೆ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಆ ದ್ರಾವಣ ಎಲೆ ಸುಡುತ್ತೆ. ಮಾಡಿದ ದಿನವೇ ಖಾಲಿ ಮಾಡಬೇಕು. ಮುಂಗಾರು ಹಿಡಿದಮೇಲೆ ಹೊಡೆಯೋಕೆ ಹೊರಟರೆ ಅಷ್ಟರಲ್ಲಿ ಸೊರಗು ರೋಗ ಬಂದಿರುತ್ತೆ.

ಮೂರನೇದು ಜನವರಿ, ಫೆಬ್ರವರಿಯ ಕೊಯ್ಲು. ತೂಕ ಬರೆಯೋದು, ಕಿಲೋ ಲೆಕ್ಕದ ಕೂಲಿ ಕೊಡೋದು, ಕಣದಲ್ಲಿ ಹಣ್ಣು ತಿರುವೋದು, ಸರಿಯಾಗಿ ಒಣಗದ ಚೆರಿ (ಸಿಪ್ಪೆ ಸಮೇತ ಒಣಗಿಸೋ ಹಣ್ಣು) ಮೂಟೆಗೆ ಹೋಗದ ಹಾಗೆ ನೋಡೋದು. ಹಸಿ ಉಳಿದರೆ ಬೂಷ್ಟು ಹಿಡಿದು ದರ ಬೀಳುತ್ತೆ.

ಇದಕ್ಕೆಲ್ಲ ಜನ ಸಿಗದಿದ್ದರೆ ಫಸಲನ್ನ ಗಿಡದ ಮೇಲೇ ಗುತ್ತಿಗೆಗೆ ಕೊಡೋ ದಾರಿ ಇದೆ. ಅದರಲ್ಲಿ ಕೆಡೋದು ಎಲ್ಲಿ ಅಂದರೆ, ಗುತ್ತಿಗೆಯವರು ಕಾಯಿ, ಹಣ್ಣು ಅಂತ ನೋಡದೆ ಒಂದೇ ಸಲಕ್ಕೆ ಸೀಳಿ ತೆಗೀತಾರೆ, ಗಿಡದ ರೆಕ್ಕೆ, ಅಂದರೆ ಕೊಂಬೆ, ಮುರಿಯುತ್ತೆ, ಮುಂದಿನ ವರ್ಷದ ಫಸಲು ಇಳಿಯುತ್ತೆ. ಹಾಗಾಗಿ ಕರಾರು ಬರವಣಿಗೆಯಲ್ಲಿರಲಿ: ಹಣ ಮೂರು ಕಂತು, ಕೊನೆಯ ಕಂತು ಬಂದಮೇಲೇ ಕೊನೆಯ ಮೂಟೆ ಗೇಟು ದಾಟೋದು. ಕಸಿ (ಗಿಡ ಸವರೋದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಗೊಬ್ಬರ ನಿಮ್ಮ ಮೇಸ್ತ್ರಿಯ ಕೈಯಲ್ಲೇ ಉಳೀಬೇಕು. ಅದನ್ನೂ ಗುತ್ತಿಗೆಗೆ ಬಿಟ್ಟರೆ ಮೂರು ವರ್ಷದಲ್ಲಿ ತೋಟ ತೋಟದ ಹಾಗಿರಲ್ಲ.

ಸಕಲೇಶಪುರದವರು, ಈಗ ಜರ್ಮನಿಯಲ್ಲಿ

58,000ದಲ್ಲಿ ಮದುವೆಯಾಗದವರಿಗೆ ತೆರಿಗೆ, ವಿಮೆ, ಪಿಂಚಣಿ ಕಡಿದು ತಿಂಗಳಿಗೆ ಕೈಗೆ ಬರೋದು 3,000 ಯೂರೋ ಆಸುಪಾಸು. ಸ್ಟುಟ್‌ಗಾರ್ಟ್ ದುಬಾರಿ ಊರು, ಸಣ್ಣ ಮನೆಗೆ ಬಿಸಿನೀರು, ಹೀಟಿಂಗ್ ಸೇರಿ 900–1,000 ಇಟ್ಟುಕೊಳ್ಳಿ. ಊಟ, ಓಡಾಟ, ಫೋನು ಅಂತ ಇನ್ನೊಂದು 700–800. ಉಳಿಯೋದು 1,200ರ ಹತ್ತಿರ. ಮೇಲಿನ ಹಿರಿಯರು ಹೇಳಿದ ನೋಟ್‌ಬುಕ್ಕಿನ ಸಂಬಳಗಳು, ವರ್ಷಕ್ಕೆ ಎರಡು ಟಿಕೆಟ್, ಅಪ್ಪ ಅಮ್ಮನ ವಿಮೆ, ಎಲ್ಲ ಇದರಲ್ಲೇ ಬರಬೇಕು. ಈಗ ಮನೆ ಬಾಡಿಗೆ ಇಲ್ಲದೆ ಉಳಿಸುತ್ತಿರುವುದರ ಜೊತೆ ಈ 1,200ನ್ನು ಹೋಲಿಸಿ. 58,000 ಅನ್ನೋ ಅಂಕಿಯ ಜೊತೆ ಹೋಲಿಸಬೇಡಿ. ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಕೇಳಬಹುದು, ಮೊದಲ ಸಂಬಳ ತಿಂಗಳ ಕೊನೆಗೆ. ಹೋಗುವಾಗ 5,000–6,000 ಯೂರೋ ಕೈಯಲ್ಲಿ ಬೇಕು.

ರಜೆಯ ವಿಷಯ ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ವಾರಕ್ಕೆ ಐದು ದಿನದ ಕೆಲಸಕ್ಕೆ ಕಾನೂನಿನ ಪ್ರಕಾರ ಕನಿಷ್ಠ 20 ದಿನ, ಹೆಚ್ಚಿನ ಕಂಪನಿಗಳು 28–30 ಕೊಡುತ್ತವೆ. ಮೊದಲ ಆರು ತಿಂಗಳಲ್ಲಿ ಮಾತ್ರ ತಿಂಗಳಿಗೆ ವರ್ಷದ ರಜೆಯ ಹನ್ನೆರಡನೇ ಒಂದು ಭಾಗವಷ್ಟೇ ನಿಮ್ಮದು. ಪ್ರೊಬೇಷನ್ನೂ ಸಾಮಾನ್ಯವಾಗಿ ಆರು ತಿಂಗಳು, ಆಗ ಎರಡು ವಾರದ ನೋಟಿಸಿನಲ್ಲಿ ಕೆಲಸ ಹೋಗಬಹುದು. ಮನೆಯಲ್ಲಿ ಸಾವಾದರೆ ವಿಶೇಷ ರಜೆ ಅಂತ ಸಿಗೋದು ಹೆಚ್ಚೆಂದರೆ ಒಂದೆರಡು ದಿನ. ನಮ್ಮ ತಿಥಿ ಕರ್ಮಕ್ಕೆ ಅದು ಎಲ್ಲಿಗೂ ಸಾಲಲ್ಲ, ಹಾಗಾಗಿ ವರ್ಷದ ಯಾವ ದಿನ ನೋಡಿದರೂ 8 ದಿನ ರಜೆ ಮುಟ್ಟದೆ ಇಟ್ಟಿರಿ.

ತುರ್ತಿಗೆ ಎಷ್ಟು ಹೊತ್ತಿನಲ್ಲಿ ಮನೆ ಸೇರಬಹುದು? ಸ್ಟುಟ್‌ಗಾರ್ಟ್‌ನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ, ಬೆಂಗಳೂರಿಗೆ ನೇರ ವಿಮಾನ ಸುಮಾರು 9 ಗಂಟೆ, ದೇವನಹಳ್ಳಿಯಿಂದ ಹಾಸನ, ಬೇಲೂರು ಮೇಲೆ ಮೂಡಿಗೆರೆಗೆ ಆರು ಗಂಟೆ. ಟಿಕೆಟ್ ಸಿಗುವ ಹೊತ್ತು, ಕಾಯುವ ಹೊತ್ತು ಸೇರಿ ಎಲ್ಲ ಸರಿಹೋದರೂ ಒಂದು ದಿನ. "ಕೊನೆಯ ಮುಖ ನೋಡಲು ಕಾಯಬೇಕಾ, ಬೇಡವಾ" ಅನ್ನೋ ಮಾತನ್ನ ಅಪ್ಪ ಅಮ್ಮನ ಬಾಯಿಂದಲೇ, ಅಕ್ಕನ ಎದುರು ಕೇಳಿಟ್ಟುಕೊಳ್ಳಿ. ಕಷ್ಟದ ಮಾತು, ಆದರೂ ಕೇಳಿ. ಕೇಳದಿದ್ದರೆ ಆ ತೀರ್ಮಾನದ ಭಾರ ಪೂರ್ತಿ ಅಕ್ಕನ ತಲೆ ಮೇಲೆ ಬೀಳುತ್ತೆ.

ಇನ್ನೊಂದು, ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ. ವಾಸದ ಪರವಾನಗಿ ನವೀಕರಣಕ್ಕೆ ಕೊಟ್ಟಾಗ ತಾತ್ಕಾಲಿಕವಾಗಿ ಒಂದು ಕಾಗದ ಕೊಡುತ್ತಾರೆ. ಅದರಲ್ಲಿ ಜರ್ಮನಿಯ ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಂ ಅಂತ ಗುರುತಾಗಿದ್ದರೆ ದೇಶದ ಹೊರಗೆ ಹೋಗಿ ವಾಪಸ್ ಬರಬಹುದು. 3ನೇ ಉಪಕಲಂ ಆಗಿದ್ದರೆ ಹೋದವರು ಅದರ ಬಲದ ಮೇಲೆ ಒಳಗೆ ಬರೋಕಾಗಲ್ಲ. ಕಾಗದ ಕೈಗೆ ಬಂದ ಕೂಡಲೇ ಗುರುತು ಎಲ್ಲಿದೆ ನೋಡಿ.

ಸಮಾಧಾನದ ವಿಷಯವೂ ಇದೆ. ಬ್ಲೂ ಕಾರ್ಡ್ (ಪದವಿ ಮತ್ತು ಒಳ್ಳೆ ಸಂಬಳ ಇರುವವರಿಗೆ ಕೊಡುವ ವಾಸದ ಪರವಾನಗಿ) ಇದ್ದವರು 12 ತಿಂಗಳವರೆಗೆ ಹೊರಗಿದ್ದರೂ ಪರವಾನಗಿ ರದ್ದಾಗಲ್ಲ, ಮಾಮೂಲಿ ಪರವಾನಗಿಗೆ ಅದು 6 ತಿಂಗಳು. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಆರಂಭದ ಎ1 ಮಟ್ಟ ಮಾತ್ರ ಆದರೆ 27.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸ್ವಲ್ಪ ವರ್ಷದ ಮೇಲೆ ಅಪ್ಪ ಅಮ್ಮನನ್ನೇ ಅಲ್ಲಿಗೆ ಕರೆಸಿಕೊಳ್ಳೋಕೆ ಆಗುತ್ತಾ?

ಸಕಲೇಶಪುರದವರು, ಈಗ ಜರ್ಮನಿಯಲ್ಲಿ

ಕಾಗದದ ಮೇಲೆ ಆಗುತ್ತೆ. 2024ರ ಮಾರ್ಚ್ 1ರ ನಂತರ ಮೊದಲ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಬಂದಿದೆ. ಆದರೆ ಅವರಿಗೆ ಅಲ್ಲಿನ ಪೂರ್ಣ ಆರೋಗ್ಯ ವಿಮೆ ತೋರಿಸಬೇಕು. ಸರ್ಕಾರಿ ವಿಮೆಗೆ ಆ ವಯಸ್ಸಿನ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಬಿಪಿ ಶುಗರ್ ಇರುವವರಿಗೆ ಖಾಸಗಿಯವರು ಒಂದೋ ಇಲ್ಲ ಅಂತಾರೆ, ಇಲ್ಲವೇ ಕೈಗೆಟುಕದ ಕಂತು ಹೇಳ್ತಾರೆ. ಇದನ್ನು ನಂಬಿ ಹೊರಡಬೇಡಿ. ಭೇಟಿ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು, 30,000 ಯೂರೋ ಪ್ರಯಾಣ ವಿಮೆ ಕಡ್ಡಾಯ. ಮಲೆನಾಡಿನ ಮಳೆಗಾಲ ಅಲ್ಲಿ ಬೇಸಿಗೆ, ಆಗ ಕರೆಸಿಕೊಂಡರೆ ಅವರಿಗೂ ಹಿತ.

ನರ್ಸ್, ಚಿಕ್ಕಮಗಳೂರು

ಶುಗರ್ ಇರುವವರಿಗೆ ಹೃದಯಾಘಾತದಲ್ಲಿ ಎದೆನೋವು ಕಾಣಿಸದೇ ಇರಬಹುದು. ಸುಮ್ಮನೆ ಬೆವರು, ಉಸಿರು ಸಿಕ್ಕಿದ ಹಾಗೆ, ವಿಪರೀತ ಸುಸ್ತು. ಇದನ್ನ ಅಮ್ಮನಿಗೆ, ಮೇಸ್ತ್ರಿಗೆ, ಪಕ್ಕದ ಮನೆಯವರಿಗೆ ಹೇಳಿಕೊಡಿ. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿಸುವುದರಲ್ಲಿ ಅಮೂಲ್ಯವಾದ ಗಂಟೆ ಹೋಗುತ್ತೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಒಂದು ಸಲ ಮೂಡಿಗೆರೆ ಆಸ್ಪತ್ರೆಗೆ ಹೋಗಿ ರಾತ್ರಿ ಪಾಳಿಯಲ್ಲಿ ಏನೇನು ಸಿಗುತ್ತೆ ಅಂತ ಕೇಳಿ ಬನ್ನಿ. ಪಾರ್ಶ್ವವಾಯು ಆದರೆ, ಅಂದರೆ ಮುಖ ವಾಲಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ, ನಾಲ್ಕೂವರೆ ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಬೇಕು. ಚಿಕ್ಕಮಗಳೂರು 30 ಕಿ.ಮೀ., ಹಾಸನ ಅದರ ಎರಡರಷ್ಟು. ಮಂಗಳೂರು ಅಂತ ಯೋಚಿಸಿದ್ದರೆ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯನ್ನು ನಂಬೋಕಾಗಲ್ಲ.

ನಿಮ್ಮ ತೋಟದ ಮನೆಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಗಾಡಿ ಓಡಿಸುವ ಮನುಷ್ಯ. 108ಕ್ಕೆ ಒಳದಾರಿ ಹುಡುಕಿ ಬರೋಕೆ ಹೊತ್ತಾಗುತ್ತೆ, ಮುಖ್ಯರಸ್ತೆಯವರೆಗಾದರೂ ನೀವೇ ತಲುಪಿಸಬೇಕು. ಮಳೆ, ಮುರಿದುಬಿದ್ದ ಮರ, ಆನೆ ಇರುವ ದಾರಿಯಲ್ಲಿ 67ರ ಅಪ್ಪ ಓಡಿಸೋದು ಬೇಡ. ಜೀಪಿರುವ ಇಬ್ಬರ ಜೊತೆ ಈಗಲೇ ಮಾತಾಡಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಉಪಕಾರ ಅಂತ ಬಿಟ್ಟರೆ ಮೂರನೇ ಸಲ ಕರೆಯೋಕೆ ಅಮ್ಮನೇ ಹಿಂಜರೀತಾರೆ.

ಜೂನ್ ಬರುವ ಮೊದಲು 45 ದಿನದ ಮಾತ್ರೆ ಮನೆಯಲ್ಲಿರಲಿ. ಕರೆಂಟ್ ಹೋದಾಗ ಟವರೂ ಸಾಯುತ್ತೆ, ಹಾಗಾಗಿ ಎರಡು ಬೇರೆ ಕಂಪನಿಯ ಸಿಮ್, ಇಂಟರ್‌ನೆಟ್ ರೂಟರಿಗೆ ಒಂದು ಸಣ್ಣ ಯುಪಿಎಸ್ ಇಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ), ವರ್ಷಕ್ಕೊಮ್ಮೆ ಕಿಡ್ನಿ ಮತ್ತು ಕಣ್ಣಿನ ಪರೀಕ್ಷೆ ಯಾರ ಜೊತೆ ಹೋಗಿ ಮಾಡಿಸ್ತಾರೆ ಅನ್ನೋದನ್ನೂ ನೋಟ್‌ಬುಕ್ಕಿಗೆ ಸೇರಿಸಿ.

ಕಂದಾಯ, ವಿಮೆ ಕಾಗದಪತ್ರ ಗೊತ್ತಿರುವವರು, ಬೇಲೂರು

ಅಪ್ಪ ಅಮ್ಮ ಈಗ ನಿಮ್ಮ ಕಂಪನಿಯ ಗುಂಪು ವಿಮೆಯಲ್ಲಿದ್ದರೆ ನೀವು ರಾಜೀನಾಮೆ ಕೊಟ್ಟಮೇಲೆ ಅದು ನಿಲ್ಲುತ್ತೆ. ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿ, ಆಗ ಈವರೆಗೆ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತೆ. ಹೊಸದಾಗಿ ತಗೊಂಡರೆ ಈಗಾಗಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಬಿಪಿ, ಶುಗರ್ ಮುಚ್ಚಿಡಬೇಡಿ, ಕ್ಲೇಮು ತಿರಸ್ಕಾರವಾಗುವುದೇ ಅಲ್ಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ.

ಅಪ್ಪನ ಆಧಾರ್, ಬ್ಯಾಂಕು, ಗ್ಯಾಸ್ ಎಲ್ಲದಕ್ಕೂ ನಿಮ್ಮ ನಂಬರ್ ಕೊಟ್ಟಿದ್ದರೆ ಒಟಿಪಿ ಎಲ್ಲ ಸ್ಟುಟ್‌ಗಾರ್ಟಿಗೆ ಬರುತ್ತೆ, ಇಲ್ಲಿ ಬೆಳಿಗ್ಗೆ ಆದಾಗ ಅಲ್ಲಿ ಇನ್ನೂ ನಸುಕು ಇರುತ್ತೆ. ಹೊರಡುವ ಮೊದಲೇ ಅಪ್ಪನ ನಂಬರಿಗೆ ಬದಲಾಯಿಸಿ. ಅಪ್ಪ ಅಮ್ಮನ ಜಂಟಿ ಖಾತೆ "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಅನ್ನೋ ಷರತ್ತಿನಲ್ಲಿರಲಿ. ನೀವು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದಮೇಲೆ ನಿಮ್ಮ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಅನಿವಾಸಿಗಳ) ಖಾತೆಯಾಗಿ ಬದಲಾಯಿಸಬೇಕು.

ಜಮೀನು ಅಪ್ಪನ ಹೆಸರಲ್ಲಿದೆ ಅಂತ ಅಂದುಕೊಳ್ತೀನಿ. ಪಹಣಿ ತೆಗೆದು ನೋಡಿ. ಇನ್ನೂ ಅಜ್ಜನ ಹೆಸರಿದ್ದರೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ), ಚಿಕ್ಕಪ್ಪಂದಿರ ಜೊತೆ ಜಂಟಿ ಇದ್ದರೆ ಪೋಡಿ (ಅಳತೆ ಮಾಡಿ ಬೇರೆ ಮಾಡೋದು), ನೀವು ಊರಲ್ಲಿರುವಾಗಲೇ ಮುಗಿಸಿ. ಅಪ್ಪ ಅಕ್ಕನಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಕೊಟ್ಟರೆ ಸಾಕು ಅಂತ ಹಲವರು ಅಂದುಕೊಂಡಿರುತ್ತಾರೆ. ಬರೆದುಕೊಟ್ಟವರು ತೀರಿಕೊಂಡರೂ, ಬುದ್ಧಿ ಸ್ವಾಧೀನ ತಪ್ಪಿದರೂ ಜಿಪಿಎ ಬಿದ್ದುಹೋಗುತ್ತೆ. ಅದು ಹೆಚ್ಚು ಬೇಕಾಗುವ ಹೊತ್ತಲ್ಲೇ ಇರಲ್ಲ. ಆದ್ದರಿಂದ ವಿಲ್ ಬೇರೆಯಾಗಿ, ಈಗಲೇ, ಸಾಧ್ಯವಾದರೆ ನೋಂದಣಿ ಮಾಡಿಸಿ. ಅನಿವಾಸಿಯಾದಮೇಲೆ ನೀವು ಕೃಷಿಭೂಮಿ, ತೋಟ ಕೊಳ್ಳುವ ಹಾಗಿಲ್ಲ, ಆದರೆ ವಾರಸಿನಿಂದ ಬರುವುದಕ್ಕೆ ಅಡ್ಡಿಯಿಲ್ಲ.

ಹಾಸನದಿಂದ ಒಬ್ಬರು

ಇಲ್ಲಿ ಎಲ್ಲರೂ ಅಕ್ಕನ ಹೆಸರು ಬರೆಯುತ್ತಿದ್ದೀರಿ. ಅವರನ್ನು ಯಾರಾದರೂ ಕೇಳಿದ್ದೀರಾ? ಶಾಲೆ, ಎರಡು ಮಕ್ಕಳು, ಅತ್ತೆ ಮನೆ ಎಲ್ಲ ಇರುವ ಹೆಣ್ಣುಮಗಳಿಗೆ ಮೂಡಿಗೆರೆಗೆ ಹೋಗಿ ಬರೋದು ಅಂದರೆ ಒಂದು ಪೂರ್ತಿ ದಿನ. ಶಿಕ್ಷಕರಿಗೆ ರಜೆ ಬರೋದು ಏಪ್ರಿಲ್–ಮೇ, ದಸರಾ. ಕೊಯ್ಲಿನ ಜನವರಿ–ಫೆಬ್ರವರಿಯಲ್ಲಿ ಅವರಿಗೆ ಪರೀಕ್ಷೆಯ ತಯಾರಿ. ನೀವು ದುಡ್ಡು ಕಳಿಸಿದರೆ ಅವರ ಹೊತ್ತು ವಾಪಸ್ ಬರಲ್ಲ. ತಿಂಗಳಿಗೆ ಎಷ್ಟು ಸಲ ಹೋಗೋಕಾಗುತ್ತೆ, ಯಾವುದು ಆಗಲ್ಲ ಅಂತ ಅವರೇ ಹೇಳಲಿ, ಭಾವನ ಎದುರಲ್ಲೇ. ಗಾಡಿ ಖರ್ಚು, ಅವರು ಬಂದ ದಿನ ಮನೆಗೆಲಸಕ್ಕೆ ಆಳು ನಿಮ್ಮ ಲೆಕ್ಕದಲ್ಲಿರಲಿ. ಆಸ್ತಿಯ ಮಾತು ಬಂದಾಗಲೂ ಹತ್ತಿರವಿದ್ದು ನೋಡಿಕೊಂಡವರ ಪಾಲು ಏನು ಅನ್ನೋದನ್ನ ಅಪ್ಪ ಬಾಯಿಬಿಟ್ಟು ಹೇಳಬೇಕು.

ಅಮ್ಮ ಸುಮ್ಮನಿರುವುದನ್ನ ಒಪ್ಪಿಗೆ ಅಂತ ತಗೋಬೇಡಿ. "ಹೋಗಲಾ?" ಅಂತ ಕೇಳಿದರೆ ಯಾವ ಅಮ್ಮನೂ ಬೇಡ ಅನ್ನಲ್ಲ. "ಅಪ್ಪನಿಗೆ ರಾತ್ರಿ ಹುಷಾರಿಲ್ಲದಾದರೆ ಮೊದಲು ಯಾರಿಗೆ ಫೋನ್ ಮಾಡ್ತೀಯಾ?" ಅಂತ ಕೇಳಿ. ಉತ್ತರ ತಡವಾದರೆ ವ್ಯವಸ್ಥೆ ಇನ್ನೂ ಆಗಿಲ್ಲ ಅಂತ.

ಪ್ರಶ್ನೆ ಕೇಳಿದವರು

ನೋಟ್‌ಬುಕ್ ಶುರು ಮಾಡಿದ್ದೇನೆ. ರಾತ್ರಿ ಗಾಡಿ ಮತ್ತು ಸ್ಪ್ರಿಂಕ್ಲರ್, ಈ ಎರಡಕ್ಕೆ ಇನ್ನೂ ಹೆಸರಿಲ್ಲ. ಕಂಪನಿಯವರು ಅಕ್ಟೋಬರ್ 1ಕ್ಕೆ ಸೇರಿ ಅಂತಿದ್ದಾರೆ. ಮುಂದಕ್ಕೆ ಹಾಕಿ ಅಂದರೆ ಆಫರ್ ಹೋಗುತ್ತಾ?

ಸಕಲೇಶಪುರದವರು, ಈಗ ಜರ್ಮನಿಯಲ್ಲಿ

ಅಲ್ಲಿ ಮೂರು ತಿಂಗಳ ನೋಟಿಸ್ ಮಾಮೂಲಿ, ಹೊಸಬರಿಗಾಗಿ ಕಾಯುವುದು ಕಂಪನಿಗಳಿಗೆ ರೂಢಿ. ಏಪ್ರಿಲ್ 1 ಕೇಳಿ. ಅಕ್ಟೋಬರಿಗೆ ಸೇರಿದರೆ ಕೊಯ್ಲು, ಹೂ ಮಳೆ ಎರಡೂ ಪ್ರೊಬೇಷನ್ನಿನೊಳಗೇ ಬರುತ್ತವೆ, ರಜೆಯೂ ಕೂಡಿರಲ್ಲ. ಏಪ್ರಿಲಿಗೆ ಸೇರಿದರೆ ಈ ಕೊಯ್ಲು ನೀವೇ ಮುಗಿಸಬಹುದು, ಸ್ಪ್ರಿಂಕ್ಲರ್ ಕೆಲಸಕ್ಕೆ ಹೊಸಬರನ್ನ ಪಕ್ಕದಲ್ಲಿ ನಿಂತು ಪಳಗಿಸಬಹುದು. ಪ್ರೊಬೇಷನ್ ಸೆಪ್ಟೆಂಬರಿಗೆ ಮುಗಿಯುತ್ತೆ, ಜನವರಿಗೆ ಹೊಸ ವರ್ಷದ ರಜೆ ಪೂರ್ತಿ ಕೈಗೆ ಬರುತ್ತೆ. ಒಪ್ಪಿದರೆ ದಿನಾಂಕ ಇಮೇಲಿನಲ್ಲಿದ್ದರೆ ಸಾಲದು, ತಿದ್ದಿದ ಒಪ್ಪಂದವನ್ನೇ ಕಳಿಸಿ ಅನ್ನಿ. ವೀಸಾ ಅರ್ಜಿಗೆ ಅದೇ ಪ್ರತಿ ಹೋಗಬೇಕು. ಅಷ್ಟರೊಳಗೆ ರಾತ್ರಿ ಗಾಡಿಗೆ ಹೆಸರು ಸಿಗದಿದ್ದರೆ ಸಹಿ ಹಾಕಬೇಡಿ.