ಅಪ್‌ಡೇಟ್: ಮಳೆಗೆ ಮನೆಯೊಳಗೇ ಇರುವ ಮಕ್ಕಳಿಗೆ ಖರ್ಚಿಲ್ಲದ ಆಟ

ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಮನೆಯೊಳಗೆ ಆಡಿಸಲು ಏನಾದರೂ ಹೇಳಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಚೌಕಾಬಾರ ಚೆನ್ನಾಗಿ ಹಿಡಿಸಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದೆವು. ಕವಡೆ ಇರಲಿಲ್ಲ. ನಾಲ್ಕು ಹುಣಸೆ ಬೀಜ ತೆಗೆದುಕೊಂಡು, ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ ಉಜ್ಜಿದೆವು. ಉಜ್ಜುವುದೇ ದೊಡ್ಡವಳಿಗೆ ಒಂದು ಆಟ! ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಈಗ ಅವಳು ಬೆರಳು ಮಡಚದೇ ಮನೆ ಎಣಿಸುತ್ತಾಳೆ. ನೋಡೋಕೆ ಎಷ್ಟು ಖುಷಿ ಗೊತ್ತಾ!

ಚಿಕ್ಕವನಿಗೆ ಸರದಿ ಕಾಯುವ ತಾಳ್ಮೆ ಇನ್ನೂ ಇಲ್ಲ, ಅದು ಸಹಜ ಅಲ್ವಾ. ಅವನಿಗೆ ಚಪಾತಿ ಹಿಟ್ಟಿನ ಉಂಡೆ ಕೊಟ್ಟರೆ ಸಾಕು. ಹಾವು, ಲಡ್ಡು, ಬಸ್ಸು ಎಲ್ಲ ಆಗುತ್ತದೆ. ಹಳೇ ದುಪಟ್ಟಾದ ಗುಡಾರವೂ ನಡೆಯಿತು.

ಒಂದು ಮಾತು: ಮೂರು ವರ್ಷದೊಳಗಿನ ಮಗು ಇದ್ದರೆ ಬೀಜದ ಆಟ ಬೇಡ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಾವೂ ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕುತ್ತೇವೆ.

ಮುಂದೆ ಅಳಗುಳಿ ಮಣೆ ಕಲಿಸಬೇಕು. ಮಣೆ ಇಲ್ಲ, ಗುಳಿಗಳ ಬದಲು ನೆಲದಲ್ಲೇ ಹದಿನಾಲ್ಕು ವೃತ್ತ ಬರೆದು ಆಡಿಸುತ್ತೇನೆ.