ಟರ್ಬೊಪ್ರಾಪ್ ವಿಮಾನಕ್ಕೆ ಇಷ್ಟೊಂದು ಲಿವರ್ ಯಾಕೆ? ಒಂದೇ ಸಾಲದಾ?

ತೋರಣಗಲ್ಲು_ಹುಡುಗ:
ವಿದ್ಯಾನಗರ ಏರ್‌ಪೋರ್ಟ್‌ಗೆ ಎಟಿಆರ್ 72 (ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲರ್ ತಿರುಗಿಸುವ ವಿಮಾನ) ಬರಲು ಶುರುವಾದಾಗಿನಿಂದ ನನಗೆ ವಿಮಾನದ ಹುಚ್ಚು. ದಿನಾ ರಾತ್ರಿ ಕಾಕ್‌ಪಿಟ್ ವಿಡಿಯೊ ನೋಡುತ್ತೇನೆ, ಮನೆಯಲ್ಲಿ ಬೈಗುಳ ಬೇರೆ. ಅರ್ಥ ಆಗದ್ದು ಒಂದಿದೆ. ಏರ್‌ಬಸ್ 320ರಲ್ಲಿ ಒಂದು ಎಂಜಿನ್‌ಗೆ ಒಂದು ಥ್ರಸ್ಟ್ ಲಿವರ್. ಎಟಿಆರ್‌ನಲ್ಲಿ ಒಂದು ಎಂಜಿನ್‌ಗೆ ಎರಡು. ಸೆಸ್ನಾ ಕ್ಯಾರವಾನ್‌ನಲ್ಲಿ ಇರುವುದೇ ಒಂದು ಎಂಜಿನ್, ಅದಕ್ಕೆ ನಾಲ್ಕು ಲಿವರ್! ಎಲ್ಲವೂ ಟರ್ಬೈನೇ ಅಲ್ವಾ? ಪೈಲಟ್‌ಗೆ ಬೇಕಿರುವುದು ಜಾಸ್ತಿ ಪವರ್ ಇಲ್ಲಾ ಕಡಿಮೆ ಪವರ್, ಅಷ್ಟೇ. ಮಿಕ್ಕಿದ್ದನ್ನು ಕಂಪ್ಯೂಟರ್‌ಗೆ ಬಿಟ್ಟರೆ ಏನು ಕಷ್ಟ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹ್ಯಾಂಗರ್_ಬಳ್ಳಾರಿ:
ತಮ್ಮಾ, ಜೆಟ್‌ಗೂ ಟರ್ಬೊಪ್ರಾಪ್‌ಗೂ ವ್ಯತ್ಯಾಸ ಪ್ರೊಪೆಲರ್‌ನಲ್ಲೇ ಇದೆ. ಜೆಟ್‌ನಲ್ಲಿ ಫ್ಯಾನ್ ಬ್ಲೇಡ್‌ನ ಕೋನ ಬದಲಾಗುವುದಿಲ್ಲ, ಇಂಧನ ಜಾಸ್ತಿ ಕೊಟ್ಟರೆ ಜೋರಾಗಿ ತಿರುಗುತ್ತದೆ, ಮುಗೀತು. ಪ್ರೊಪೆಲರ್ ಹಾಗಲ್ಲ. ಅದರ ಬ್ಲೇಡ್ ಕೋನ ಬದಲಾಗುತ್ತಲೇ ಇರಬೇಕು, ತಿರುಗುವ ವೇಗ ಮಾತ್ರ ಒಂದೇ ಸಮ ಇರಬೇಕು. ಹಾಗಾಗಿ ಕ್ಯಾರವಾನ್‌ನ ಪಿಟಿ6ಎ ಎಂಜಿನ್‌ನಲ್ಲಿ ಪವರ್ ಲಿವರ್ ಬೇರೆ, ಪ್ರೊಪೆಲರ್ ಎಷ್ಟು ಸುತ್ತು ತಿರುಗಬೇಕು ಅನ್ನುವುದಕ್ಕೆ (1600ರಿಂದ 1900) ಒಂದು ಬೇರೆ, ಇಂಧನ ಬಂದ್ ಮಾಡಲು ಮತ್ತು ಐಡಲ್‌ಗೆ (ಎಂಜಿನ್ ಕನಿಷ್ಠ ವೇಗದಲ್ಲಿ ಓಡುವುದು) ಕಂಡೀಷನ್ ಲಿವರ್ ಬೇರೆ. ನಾಲ್ಕನೆಯದು ಎಮರ್ಜೆನ್ಸಿ ಪವರ್ ಲಿವರ್. ಇಂಧನ ಅಳೆದು ಕೊಡುವ ಯುನಿಟ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದು ಕೈಕೊಟ್ಟರೆ ಎಂಜಿನ್ ಐಡಲ್‌ಗೆ ಬಿದ್ದುಬಿಡುತ್ತದೆ, ಆಗ ಈ ಲಿವರ್‌ನಿಂದ ಪೈಲಟ್ ಕೈಯಾರೆ ಇಂಧನ ಕೊಡಬೇಕು.

ಆದರೆ ಕಷ್ಟ ಇರುವುದು ಲಿವರ್ ಲೆಕ್ಕದಲ್ಲಿ ಅಲ್ಲ, ಎಂಜಿನ್ನಿನ ಮಿತಿ ಕಾಯುವ ಕೆಲಸದಲ್ಲಿ. ಸ್ಟಾರ್ಟ್ ಮಾಡುವುದನ್ನೇ ನೋಡು. ಸ್ಟಾರ್ಟರ್ ಒತ್ತಿ, ಒಳಕ್ಕೆ ಗಾಳಿ ಒತ್ತುವ ಕಂಪ್ರೆಸರ್‌ನ ವೇಗ ಶೇ 12 ದಾಟಿ ನಿಂತ ಮೇಲೆ ಕಂಡೀಷನ್ ಲಿವರ್ ಮುಂದೆ ತಳ್ಳಬೇಕು. ಮೊದಲೇ ತಳ್ಳಿದರೆ, ಇಲ್ಲಾ ಬ್ಯಾಟರಿ ವೀಕ್ ಇದ್ದರೆ, ಗಾಳಿ ಸಾಲದೆ ಒಳಗಿನ ಬಿಸಿ ಸರ್ರನೆ ಏರುತ್ತದೆ. ಕ್ಯಾರವಾನ್‌ನಲ್ಲಿ 1090 ಡಿಗ್ರಿಗೆ ಸಿಗುವುದು ಬರೀ 2 ಸೆಕೆಂಡ್. ಅದಕ್ಕೇ ಕೈ ಲಿವರ್ ಮೇಲೆ, ಕಣ್ಣು ಗೇಜ್ ಮೇಲೆ, ಮುಳ್ಳು ಓಡುತ್ತಿದೆ ಅನಿಸಿದರೆ ಹಿಂದಕ್ಕೆ ಎಳೆಯಲೇಬೇಕು. ಒಂದು ಹಾಟ್ ಸ್ಟಾರ್ಟ್ ಆದರೆ ಎಂಜಿನ್ ಬಿಚ್ಚುವ ಖರ್ಚು ಕೇಳಬೇಡ.

ಹಾರುವಾಗಲೂ ಅಷ್ಟೇ. ಕೆಳಗೆ ಟಾರ್ಕ್ (ತಿರುಗಿಸುವ ಬಲ) ಮಿತಿ ಮೊದಲು ಬರುತ್ತದೆ, ಮೇಲೆ ಹೋದಂತೆ ಬಿಸಿಯ ಮಿತಿ ಬರುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಬಿಸಿಯ ಮಿತಿ ಇನ್ನೂ ಬೇಗ ಬರುತ್ತದೆ. ಎರಡನ್ನೂ ನೋಡಿಕೊಂಡು ಲಿವರ್ ಸರಿಸುತ್ತಾ ಇರಬೇಕು.

ನೀನು ಕೇಳಿದ ಕಂಪ್ಯೂಟರ್‌ಗೆ ಫ್ಯಾಡೆಕ್ ಅನ್ನುತ್ತಾರೆ. ಹಳೆ ಬೈಕ್‌ನ ಚೋಕ್ ಹೋಗಿ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಬಂತಲ್ಲ, ಹಾಗೆ. ಸಣ್ಣ ಟರ್ಬೊಪ್ರಾಪ್‌ಗೆ ಇದು ತಡವಾಗಿ ಬಂತು. 2019ರಲ್ಲಿ ಪಿಲಾಟಸ್ ಪಿಸಿ-12 ಎನ್‌ಜಿಎಕ್ಸ್ ಪಿಟಿ6ಇ ಎಂಜಿನ್ ಜೊತೆ ಬಂತು, 2022ರಲ್ಲಿ ಟಿಬಿಎಂ 960. ಎರಡರಲ್ಲೂ ಎಂಜಿನ್ನಿಗೆ, ಪ್ರೊಪೆಲರ್‌ಗೆ ಸೇರಿ ಒಂದೇ ಲಿವರ್. ಮಿತಿ ದಾಟದಂತೆ ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಸಿಂಧನೂರು_ಗಾಳಿಪಟ:
ಸರ್, ಲಿವರ್ ಲೆಕ್ಕ ಮುಖ್ಯ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2023ರ ಜನವರಿ 15ರ ನೇಪಾಳದ ಪೊಖರಾ ಅಪಘಾತ ನೋಡಿ. ಅದೂ ಎಟಿಆರ್ 72. ಇಳಿಯುವ ಮುಂಚೆ ಒಬ್ಬ ಪೈಲಟ್ ಫ್ಲ್ಯಾಪ್ 30 (ರೆಕ್ಕೆಯ ಹಿಂಬದಿಯ ಹಲಗೆಯನ್ನು 30ಕ್ಕೆ ಇಳಿಸುವುದು) ಕೇಳಿದರು, ಇನ್ನೊಬ್ಬರು "ಫ್ಲ್ಯಾಪ್ 30" ಅಂತ ಹೇಳಿಯೂ ಹೇಳಿದರು. ಆದರೆ ಕೈ ಎಳೆದದ್ದು ಪಕ್ಕದಲ್ಲಿದ್ದ ಎರಡೂ ಕಂಡೀಷನ್ ಲಿವರ್‌ಗಳನ್ನು. ಎಟಿಆರ್‌ನಲ್ಲಿ ಪ್ರೊಪೆಲರ್ ಫೆದರ್ ಮಾಡುವುದೂ ಅದೇ ಲಿವರ್. ಎರಡೂ ಪ್ರೊಪೆಲರ್ ಫೆದರ್ ಆದವು, ಅಂದರೆ ಬ್ಲೇಡ್‌ಗಳು ಗಾಳಿಗೆ ಅಂಚು ಕೊಟ್ಟು ನಿಂತವು. ಎಂಜಿನ್ ಓಡುತ್ತಲೇ ಇತ್ತು, ಟಾರ್ಕ್ ಸೊನ್ನೆ. ಪವರ್ ಲಿವರ್ ಮುಂದೆ ತಳ್ಳಿದರೂ ಪ್ರಯೋಜನ ಇಲ್ಲ. ಇದ್ದ 72 ಜನರೂ ಹೋದರು. ಆ ಎರಡು ಲಿವರ್ ಅಲ್ಲಿ ಇಲ್ಲದೇ ಇದ್ದಿದ್ದರೆ?

ಹ್ಯಾಂಗರ್_ಬಳ್ಳಾರಿ:
ಒಪ್ಪಬೇಕಾದ ಮಾತೇ. ಇಂಥ ಗೊಂದಲ ಬೇಡ ಅಂತಲೇ ಫ್ಲ್ಯಾಪ್ ಹಿಡಿಕೆಗೆ ರೆಕ್ಕೆಯ ಆಕಾರ, ಚಕ್ರ ಇಳಿಸುವ ಗೇರ್ ಹಿಡಿಕೆಗೆ ಚಕ್ರದ ಆಕಾರ ಇರಬೇಕು ಅಂತ ನಿಯಮ ಇದೆ. ಅಷ್ಟಿದ್ದರೂ ಹೀಗಾಯಿತು.

ಶಕ್ತಿನಗರ_ಶಿಫ್ಟ್:
ನಾನು ವಿಮಾನದವನಲ್ಲ. ರಾಯಚೂರು ಥರ್ಮಲ್ ಕಡೆಯವನು, ನಮ್ಮದು ಸ್ಟೀಮ್ ಟರ್ಬೈನ್. ನಾವೂ ಇಷ್ಟು ಲೋಡ್ ಬೇಕು ಅಂತ ಸೆಟ್ ಮಾಡುತ್ತೇವೆ, ವಾಲ್ವ್ ಎಷ್ಟು ತೆರೆಯಬೇಕು ಅನ್ನುವುದು ಗವರ್ನರ್ ಕೆಲಸ. 3000 ಆರ್‌ಪಿಎಂ ಅದೇ ಕಾಯುತ್ತದೆ. ಆದರೆ ಟರ್ಬೈನ್ ತಕ್ಷಣ ನಿಲ್ಲಿಸುವ ಟ್ರಿಪ್ ಬಟನ್ ಮಾತ್ರ ಬೇರೆ, ಕೈಗೆ ಸಿಗುವ ಹಾಗೆ. ಅದನ್ನು ಯಾರೂ ತೆಗೆಯಲಿಲ್ಲ, ತೆಗೆಯುವುದೂ ಇಲ್ಲ. ವಿಮಾನದಲ್ಲೂ ಬೆಂಕಿ ಬಿದ್ದರೆ ಇಂಧನ ಬಂದ್ ಮಾಡಲು ಒಂದು ಸ್ವಿಚ್ ಇರಲೇಬೇಕು, ಅಲ್ವಾ?

ಇನ್ನೊಂದು. ಕಂಪ್ಯೂಟರ್‌ಗೆ ಕೊಟ್ಟರೆ ಎಲ್ಲ ಸಲೀಸು ಅನ್ನುವವರು 2015ರ ಮೇ 9ರಂದು ಸ್ಪೇನ್‌ನ ಸೆವಿಲ್‌ನಲ್ಲಿ ಬಿದ್ದ ಏರ್‌ಬಸ್ ಎ400ಎಂ ಬಗ್ಗೆ ಓದಿ. ನಾಲ್ಕು ಟರ್ಬೊಪ್ರಾಪ್ ಎಂಜಿನ್, ಹೊಸ ವಿಮಾನ, ಮೊದಲ ಹಾರಾಟ. ಎಂಜಿನ್ ಕಂಟ್ರೋಲ್ ಸಾಫ್ಟ್‌ವೇರ್ ಸರಿಯಾಗಿ ಹಾಕಿರಲಿಲ್ಲ. ಮೂರು ಎಂಜಿನ್ ಲಿವರ್‌ಗೆ ಜಗ್ಗಲೇ ಇಲ್ಲ. ಆರು ಜನರಲ್ಲಿ ನಾಲ್ವರು ಸತ್ತರು. ಅಲ್ಲಿ ಪೈಲಟ್ ಕೈ ತಪ್ಪಿರಲಿಲ್ಲ, ನೆಲದ ಮೇಲೆ ಯಾರೋ ಮಾಡಿದ ಕೆಲಸ ತಪ್ಪಿತ್ತು.

ಹ್ಯಾಂಗರ್_ಬಳ್ಳಾರಿ:
ನಿಜ ಅಣ್ಣಾ. ಫ್ಯಾಡೆಕ್‌ಗೆ ಎರಡು ಚಾನೆಲ್ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಕರೆಂಟ್‌ಗೂ ಎಂಜಿನ್ನಿಂದಲೇ ತಿರುಗುವ ಸ್ವಂತ ಆಲ್ಟರ್ನೇಟರ್ ಇರುತ್ತದೆ. ಆದರೆ ಎರಡೂ ಚಾನೆಲ್‌ಗೆ ಒಂದೇ ತಪ್ಪು ಡೇಟಾ ಹಾಕಿದರೆ ಎರಡು ಇದ್ದು ಏನು ಬಂತು? ನನ್ನ ಮಟ್ಟಿಗೆ, ಸಣ್ಣ ವಿಮಾನದಲ್ಲಿ ಒಬ್ಬನೇ ಪೈಲಟ್ ಇರುವಾಗ ಫ್ಯಾಡೆಕ್ಕೇ ಮೇಲು. ಹಾಟ್ ಸ್ಟಾರ್ಟ್ ತಾನೇ ತಡೆಯುತ್ತದಲ್ಲ, ಅದೊಂದೇ ಸಾಕು.

ತೋರಣಗಲ್ಲು_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಕೊನೇ ಪ್ರಶ್ನೆ, ಬೈಯಬೇಡಿ. ಇಳಿದ ಮೇಲೆ ರಿವರ್ಸ್‌ಗೂ (ಪ್ರೊಪೆಲರ್ ಗಾಳಿಯನ್ನು ಮುಂದಕ್ಕೆ ತಳ್ಳಿ ವಿಮಾನ ನಿಧಾನ ಮಾಡುವುದು) ಅದೇ ಪವರ್ ಲಿವರ್ ಎಳೆಯುವುದನ್ನು ವಿಡಿಯೊದಲ್ಲಿ ನೋಡಿದ್ದೇನೆ. ಆಕಾಶದಲ್ಲಿ ಮರೆತು ಜಾಸ್ತಿ ಹಿಂದೆ ಎಳೆದರೆ?

ಹ್ಯಾಂಗರ್_ಬಳ್ಳಾರಿ:
ಸುಮ್ನೆ ಎಳೆದರೆ ಬರುವುದಿಲ್ಲ. ಫ್ಲೈಟ್ ಐಡಲ್ (ಹಾರುವಾಗಿನ ಕನಿಷ್ಠ ಪವರ್) ಹತ್ತಿರ ಒಂದು ತಡೆ ಇದೆ. ಲಿವರ್‌ನಲ್ಲಿರುವ ಟ್ರಿಗರ್ ಎತ್ತಿದರೆ ಮಾತ್ರ ಅದರ ಹಿಂದಕ್ಕೆ ಹೋಗುತ್ತದೆ. ಮುಂದಿನ ಸಲ ವಿಡಿಯೊದಲ್ಲಿ ಚಕ್ರ ನೆಲ ಮುಟ್ಟಿದ ತಕ್ಷಣ ಪೈಲಟ್‌ನ ಬೆರಳು ನೋಡು, ಗೊತ್ತಾಗುತ್ತದೆ.